ಅಪಘಾತದ ಮರುದಿನ ಬರುವ ಬಿಲ್ಲು

ಅಪಾಯದ ಚಾಲಕನಿಗೆ ಅಗ್ಗದ ವಿಮೆ ಎಲ್ಲಿ ಸಿಕ್ಕೀತು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ರಸ್ತೆಗಳಲ್ಲಿ ಹುಡುಕಿದರೆ ಸಿಗುವ ಉತ್ತರ ಕಂತಿನ ಚೀಟಿಯಲ್ಲಿಲ್ಲ, ಕೋರ್ಟಿನ ಕಡತದಲ್ಲಿದೆ.

ಕೆಎ–37 ಫಲಕದ ಕಾರಿಗೆ ವಿಮೆ ಮಾಡಿಸಲು ಹೋದವರಿಗೆ ಎದುರಾಗುವ ಪ್ರಶ್ನೆಗಳನ್ನೊಮ್ಮೆ ಗಮನಿಸಿ. ಎಂಜಿನ್ ಎಷ್ಟು ಸಿಸಿ? ಯಾವ ವರ್ಷದ ಗಾಡಿ? ನೋಂದಣಿ ಎಲ್ಲಿಯದು? ಹಳೆಯ ಪಾಲಿಸಿ ಯಾವತ್ತಿಗೆ ಮುಗಿಯಿತು? ಹೋದ ವರ್ಷ ಕ್ಲೇಮ್ ಮಾಡಿದ್ದಿರಾ? ಇಷ್ಟಕ್ಕೆ ಉತ್ತರ ಕೊಟ್ಟರೆ ಕಂತಿನ ಮೊತ್ತ ಪರದೆಯ ಮೇಲೆ ಬರುತ್ತದೆ. ಸ್ಟಿಯರಿಂಗ್ ಹಿಡಿಯುವವರು ಯಾರು, ಅವರು ಎಷ್ಟು ವರ್ಷದಿಂದ ಗಾಡಿ ಓಡಿಸುತ್ತಿದ್ದಾರೆ, ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದಾರೆಯೇ ಎಂಬುದನ್ನು ಬಹುಮಟ್ಟಿಗೆ ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವರೂ, ಹೋದ ತಿಂಗಳಷ್ಟೇ ಲೈಸೆನ್ಸ್ ಪಡೆದು ಹೆದ್ದಾರಿಯಲ್ಲಿ ನೂರಿಪ್ಪತ್ತರ ವೇಗಕ್ಕೆ ಹಾರುವವರೂ ಒಂದೇ ಮಾದರಿಯ ಕಾರಿಗೆ ಒಂದೇ ಥರ್ಡ್ ಪಾರ್ಟಿ ಕಂತು ಕಟ್ಟುತ್ತಾರೆ.

ಇದೇ ಜಿಲ್ಲೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಕನ್ನಡ ಕುಟುಂಬಕ್ಕೆ ಈ ಮಾತು ವಿಚಿತ್ರವಾಗಿ ಕೇಳಿಸೀತು. ಆ ರಾಜ್ಯದ ಮತದಾರರು 1988ರಲ್ಲಿ ಒಪ್ಪಿದ ಕಾನೂನಿನ ಪ್ರಕಾರ ಕಾರು ವಿಮೆಯ ದರಕ್ಕೆ ಮೊದಲ ಮೂರು ಆಧಾರಗಳು ಚಾಲಕನ ಸುರಕ್ಷತಾ ದಾಖಲೆ, ವರ್ಷಕ್ಕೆ ಓಡಿಸುವ ದೂರ, ಚಾಲನೆಯ ಅನುಭವ. ಅಲ್ಲಿ ಅಪಾಯ ಅಂಟಿಕೊಳ್ಳುವುದು ಮನುಷ್ಯನಿಗೆ. ಅದರ ಬೆಲೆಯನ್ನು ಗಾಡಿ ರಸ್ತೆಗಿಳಿಯುವ ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ಹಾಗಾದರೆ ನಮ್ಮಲ್ಲಿ ಅಪಾಯದ ಚಾಲಕನಿಗೆ ಬೆಲೆಯೇ ಇಲ್ಲವೇ? ಇದೆ, ವಸೂಲಿಯ ಹೊತ್ತು ಮಾತ್ರ ಬೇರೆ. ಅಲ್ಲಿ ಮುಂಗಡವಾಗಿ ತೆಗೆದುಕೊಳ್ಳುವ ಹಣವನ್ನು ಇಲ್ಲಿ ಅಪಘಾತವಾದ ಮೇಲೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಆದೇಶದ ಮೂಲಕ, ಮಾಲೀಕನ ಹೊಲ-ಮನೆಯಿಂದ ತೆಗೆದುಕೊಳ್ಳಲಾಗುತ್ತದೆ. ಅಗ್ಗದ ವಿಮೆ ಹುಡುಕುವವರು ಕಂತಿನ ಚೀಟಿಯನ್ನಷ್ಟೇ ನೋಡುತ್ತಾರೆ. ಈ ಎರಡನೆಯ ಬಿಲ್ಲು ಅವರ ಲೆಕ್ಕಕ್ಕೆ ಬರುವುದೇ ಇಲ್ಲ.

ಸಿಸಿ ಮತ್ತು ಟನ್ನಿನ ಲೆಕ್ಕ

ಮೊದಲ ಬಿಲ್ಲನ್ನು ನೋಡೋಣ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು-ನೋವು, ನಷ್ಟಕ್ಕೆ ಮಾಡಿಸುವುದು ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಇದನ್ನು ಕಡ್ಡಾಯ ಮಾಡಿದೆ. ಇದರ ದರವನ್ನು ಕಂಪನಿ ನಿಗದಿ ಮಾಡುವಂತಿಲ್ಲ. ಸರ್ಕಾರವೇ ಹೊರಡಿಸುವ ದರಪಟ್ಟಿ ಬೆಂಗಳೂರಿಗೂ ಯಲಬುರ್ಗಾಕ್ಕೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರ ಸಿಸಿಯೊಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. 75ರಿಂದ 150 ಸಿಸಿ ನಡುವಿನ ಬೈಕಿಗೆ 714 ರೂಪಾಯಿ, ಅಂದರೆ ದಿನಕ್ಕೆ ಎರಡು ರೂಪಾಯಿಗೂ ಕಡಿಮೆ. ಹೀಗೆ ನೋಡಿದರೆ ಖಾಸಗಿ ಗಾಡಿಯವರಿಗೆ ಅಗ್ಗದ ವಿಮೆಯನ್ನು ಹುಡುಕುವ ಕೆಲಸವೇ ಇಲ್ಲ, ಅದು ಕಾನೂನಿನಲ್ಲೇ ಬರೆದಿಟ್ಟಿದೆ. ಸರಕು ಸಾಗಿಸುವ ಹಳದಿ ಬೋರ್ಡಿನ ಗಾಡಿಗೆ ಬಂದರೆ ಚಿತ್ರ ಬದಲಾಗುತ್ತದೆ. ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ವಾಹನಕ್ಕೆಲ್ಲ 16,049 ರೂಪಾಯಿಯ ಒಂದೇ ದರ. ಕುಷ್ಟಗಿಯ ಸಂತೆಗೆ ತರಕಾರಿ ಹೊರುವ ಒಂದೂವರೆ ಟನ್ನಿನ ಟಾಟಾ ಏಸ್‌ಗೂ, ಏಳು ಟನ್ನಿನ ಲಾರಿಗೂ ವ್ಯತ್ಯಾಸವಿಲ್ಲ. ಅದೇ ಪಟ್ಟಿಯಲ್ಲಿ 20ರಿಂದ 40 ಟನ್ನಿನ ಲಾರಿಯ ಕಂತು 43,950. ತೂಕ ಹತ್ತಾರು ಪಟ್ಟು ಹೆಚ್ಚಿದರೂ ಕಂತು ಹೆಚ್ಚುವುದು ಮೂರು ಪಟ್ಟಿಗೂ ಕಡಿಮೆ. ಹೊರೆ ನಿಜವಾಗಿ ಬೀಳುವುದು ಸಣ್ಣ ಗಾಡಿಯವನ ಹೆಗಲ ಮೇಲೆ.

ಸರಕು ಗಾಡಿಯನ್ನು ವಿಮಾ ಲೋಕ ‘ಅಪಾಯ’ದ ಪಟ್ಟಿಗೆ ಸೇರಿಸಿ ಬಹಳ ಕಾಲವಾಯಿತು. ಬರುವ ಕಂತಿಗಿಂತ ಕೊಡಬೇಕಾದ ಪರಿಹಾರ ಹೆಚ್ಚು ಎಂದು ಕಂಪನಿಗಳು ಇಂಥ ಗಾಡಿಗಳನ್ನು ಕಂಡರೆ ಮುಖ ತಿರುಗಿಸುತ್ತಿದ್ದವು. ಅದಕ್ಕಾಗಿಯೇ 2007ರ ಏಪ್ರಿಲ್‌ನಲ್ಲಿ ವಾಣಿಜ್ಯ ವಾಹನಗಳ ಥರ್ಡ್ ಪಾರ್ಟಿ ನಷ್ಟವನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳುವ ಒಕ್ಕೂಟ ನಿಧಿಯೊಂದು ಶುರುವಾಯಿತು. 2012ರಲ್ಲಿ ಅದರ ಜಾಗಕ್ಕೆ, ಕಂಪನಿಗಳು ಬೇಡವೆಂದ ಗಾಡಿಗಳಿಗಷ್ಟೇ ಸೀಮಿತವಾದ ಇನ್ನೊಂದು ನಿಧಿ ಬಂತು. 2016ರಲ್ಲಿ ಅದೂ ಮುಗಿಯಿತು. ಈ ಇತಿಹಾಸದಿಂದ ಉಳಿದ ಪಾಠ ಇಷ್ಟು: ಗಾಡಿ ಹಳತು, ಚಾಲಕ ಹೊಸಬ, ಹಿಂದೆ ಕ್ಲೇಮ್ ಆಗಿದೆ ಎಂಬ ಕಾರಣ ಕೊಟ್ಟು ಕಡ್ಡಾಯ ವಿಮೆಯನ್ನು ನಿರಾಕರಿಸುವಂತಿಲ್ಲ. ಸ್ವಂತ ಗಾಡಿಯ ರಿಪೇರಿಗೆ, ಕಳವಿಗೆ ಮಾಡಿಸುವ ವಿಮೆಯ ಮಾತು ಬೇರೆ. 2007ರಿಂದ ಅದರ ದರ ಮುಕ್ತವಾಗಿದೆ. ಮೇಲಿಂದ ಮೇಲೆ ಕ್ಲೇಮ್ ಮಾಡಿದವನಿಗೆ ಕಂಪನಿ ದರ ಏರಿಸಬಹುದು, ಬೇಡ ಎನ್ನಲೂಬಹುದು. ನಮ್ಮಲ್ಲಿ ಯಾರನ್ನಾದರೂ ‘ಅಪಾಯದ ಗ್ರಾಹಕ’ ಎಂದು ಕರೆಯುವುದಾದರೆ ಈ ಭಾಗದಲ್ಲಿ ಮಾತ್ರ.

ದಿನಕ್ಕೆ ಎರಡು ರೂಪಾಯಿಗೆ ಸಿಗುವ ವಿಮೆ ಎಲ್ಲರ ಬಳಿಯೂ ಇರಬೇಕಿತ್ತು. ಆದರೆ ದೇಶದ ರಸ್ತೆಗಳಲ್ಲಿರುವ ಅರ್ಧಕ್ಕಿಂತ ಹೆಚ್ಚು ವಾಹನಗಳಿಗೆ ವಿಮೆಯಿಲ್ಲ ಎಂದು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯೇ 2024ರ ವರದಿಯಲ್ಲಿ ಆತಂಕಪಟ್ಟಿದೆ. ಇದಕ್ಕೆ ಬಡತನವೊಂದೇ ಕಾರಣವೆನ್ನಲು ಕಂತಿನ ಮೊತ್ತ ಅಡ್ಡಬರುತ್ತದೆ. ನಮ್ಮ ಕಡೆ ವಿಮೆ ಎಂಬುದು ಶೋರೂಮಿನಲ್ಲಿ ನಡೆಯುವ ಘಟನೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಂತನ್ನು ಒಟ್ಟಿಗೇ ಕಟ್ಟಬೇಕು. ಆ ಅವಧಿ ಮುಗಿಯುವ ಹೊತ್ತಿಗೆ ಬೈಕು ಎರಡು ಕೈ ಬದಲಾಗಿರುತ್ತದೆ, ನೆನಪಿಸುವ ಮೊಬೈಲ್ ಸಂದೇಶ ಹಳೆಯ ಮಾಲೀಕನಿಗೆ ಹೋಗುತ್ತದೆ. ಇನ್ನು ದಂಡದ ಲೆಕ್ಕ. 2019ರ ತಿದ್ದುಪಡಿಯ ನಂತರ ವಿಮೆಯಿಲ್ಲದ ಗಾಡಿಗೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕರೆ 4,000 ದಂಡ. ಮೂರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಸಣ್ಣ ಕಾರಿನ ಕಂತು 2,094, ದಂಡ 2,000. ಟಾಟಾ ಏಸ್‌ನವನಿಗೆ ಕಂತು 16,049, ದಂಡ ಅದೇ 2,000. ಪೊಲೀಸರು ವರ್ಷಕ್ಕೊಮ್ಮೆ ಹಿಡಿದರೂ ದಂಡವೇ ಲಾಭ ಎಂಬ ಗಣಿತ ಹುಟ್ಟುವುದು ಸಹಜ. ಈ ಗಣಿತ ತಪ್ಪುವುದು ಹೇಗೆಂದು ತಿಳಿಯಬೇಕಾದರೆ ಎರಡನೆಯ ಬಿಲ್ಲಿಗೆ ಬರಬೇಕು.

ವಸೂಲಿಯ ದಾರಿ

ನ್ಯಾಯಮಂಡಳಿ ಪರಿಹಾರ ನಿಗದಿ ಮಾಡಿದಾಗ ಕಂಪನಿ ಕಟ್ಟುತ್ತದೆ, ಮಾಲೀಕ ನಿರಾಳನಾಗುತ್ತಾನೆ ಎಂಬುದು ಸಾಮಾನ್ಯ ನಂಬಿಕೆ. ಪಾಲಿಸಿಯ ಷರತ್ತು ಮುರಿದಿದ್ದರೆ ಹಾಗಾಗುವುದಿಲ್ಲ. ಚಾಲಕನಿಗೆ ತಕ್ಕ ಲೈಸೆನ್ಸ್ ಇಲ್ಲದಿದ್ದರೆ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂಬ ಸೂತ್ರವನ್ನು ಸುಪ್ರೀಂ ಕೋರ್ಟ್ 2004ರಲ್ಲಿ ವಿಸ್ತಾರವಾಗಿ ವಿವರಿಸಿತು. ಪರ್ಮಿಟ್ ಇಲ್ಲದ ವಾಣಿಜ್ಯ ವಾಹನಕ್ಕೂ 2018ರಲ್ಲಿ ಇದೇ ಸೂತ್ರ ಅನ್ವಯವಾಯಿತು. ವಿಮೆಯೇ ಇಲ್ಲದಿದ್ದರೆ ನಡುವೆ ಕಂಪನಿಯೂ ಇಲ್ಲ, ಇಡೀ ಮೊತ್ತ ನೇರವಾಗಿ ಮಾಲೀಕನ ತಲೆಗೆ. ಅಪಘಾತ ಮಾಡಿದ ವಿಮೆಯಿಲ್ಲದ ಗಾಡಿಯನ್ನು ಭದ್ರತೆ ಇಡದೆ ಬಿಡುವಂತಿಲ್ಲ, ಮೂರು ತಿಂಗಳಲ್ಲಿ ಭದ್ರತೆ ಬರದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅದೂ ಸಾಲದಿದ್ದರೆ ಕಾಯ್ದೆಯ 174ನೇ ಕಲಂ ಕಾದಿದೆ. ಅದರಡಿ ಪರಿಹಾರದ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಹೋಗುತ್ತದೆ. ಪಹಣಿಯಲ್ಲಿ ಹೆಸರಿರುವ ರೈತನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಜೀವದ ಪರಿಹಾರ ಲಕ್ಷಗಳಲ್ಲಿ ಇರುತ್ತದೆ, 2,000ದ ದಂಡ ಅದರ ಮುಂದೆ ಯಾವ ಲೆಕ್ಕ!

ಈ ಜಿಲ್ಲೆಯಲ್ಲಿ ಷರತ್ತು ಹೆಚ್ಚಾಗಿ ಮುರಿಯುವುದು ಗಾಡಿಯ ಮೇಲೆ ಹತ್ತುವ ಜನರಿಂದ. ಗಂಗಾವತಿ, ಕಾರಟಗಿಯ ಕಾಲುವೆ ಸೀಮೆಯಲ್ಲಿ ನಾಟಿ, ಕೊಯ್ಲಿನ ದಿನಗಳಲ್ಲಿ ಕೂಲಿಯವರು ಹೊಲಕ್ಕೆ ಹೋಗುವುದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಅಥವಾ ಗೂಡ್ಸ್ ಟಂಟಂನಲ್ಲಿ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಊರೂರಿನಿಂದ ರೊಟ್ಟಿ ಹೊತ್ತು ಬರುವ ಟ್ರ್ಯಾಕ್ಟರುಗಳಲ್ಲಿ ರೊಟ್ಟಿಯ ಜೊತೆ ಜನರೂ ಇರುತ್ತಾರೆ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹೊರಡುವ ಸರಕು ಗಾಡಿಗಳ ಕಥೆಯೂ ಅದೇ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮೆಯ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ ಎರಡು ದಶಕಗಳ ಹಿಂದೆಯೇ ತೀರ್ಮಾನಿಸಿದೆ. 1994ರ ತಿದ್ದುಪಡಿಯಿಂದಾಗಿ, ಸರಕಿನ ಜೊತೆ ಹೋಗುವ ಅದರ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ಮಾತ್ರ ರಕ್ಷಣೆ ಉಂಟು. ತನ್ನ ಭತ್ತದ ಚೀಲಗಳ ಜೊತೆ ಲಾರಿಯ ಕ್ಯಾಬಿನ್ನಿನಲ್ಲಿ ಕೂತ ರೈತನಿಗೆ ವಿಮೆ ಇದೆ, ಅದೇ ಲಾರಿಯಲ್ಲಿ ಜಾತ್ರೆಗೆ ಹೊರಟ ಅವನ ಮನೆಯವರಿಗೆ ಇಲ್ಲ. ಟ್ರ್ಯಾಕ್ಟರಿನ ವಿಮೆ ಇನ್ನೂ ಬಿಗಿ. ಅದರಲ್ಲಿ ಚಾಲಕನ ಆಸನವೊಂದೇ ಲೆಕ್ಕಕ್ಕೆ, ಮಡ್‌ಗಾರ್ಡಿನ ಮೇಲೆ ಕೂತವರು ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಟ್ರೇಲರಿಗೆ ಬೇರೆಯೇ ನೋಂದಣಿ, ಬೇರೆಯೇ ವಿಮೆ ಬೇಕು. ಬೇಸಾಯಕ್ಕೆಂದು ವಿಮೆ ಮಾಡಿಸಿ ಇಟ್ಟಿಗೆ ಭಟ್ಟಿಯ ಮಣ್ಣು ಹೊತ್ತ ಟ್ರ್ಯಾಕ್ಟರಿನ ಟ್ರೇಲರಿನಲ್ಲಿದ್ದ ಕೂಲಿಕಾರನ ಪ್ರಕರಣವೊಂದರಲ್ಲಿ, ಕಂಪನಿ ಹೊಣೆಯಲ್ಲ ಎಂದೇ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಕೂಲಿಕಾರನ ಬಡತನ ನೋಡಿ ತನ್ನ ವಿಶೇಷಾಧಿಕಾರ ಬಳಸಿ, ಮೊದಲು ಕಂಪನಿಯಿಂದ ಹಣ ಕೊಡಿಸಿ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಬಿಟ್ಟಿತು. ಕರುಣೆಯೂ ಕೊನೆಗೆ ಮಾಲೀಕನ ಖಾತೆಗೇ ಬಂದು ನಿಂತಿತು.

ಎರಡನೆಯ ಬಿಲ್ಲಿನ ಕಠೋರ ರೂಪ ಕಾಣಬೇಕಾದರೆ ದೂರ ಹೋಗಬೇಕಿಲ್ಲ. ಇಡೀ ದೇಶದ ನ್ಯಾಯಮಂಡಳಿಗಳು ಇಂದಿಗೂ ಉಲ್ಲೇಖಿಸುವ ಒಂದು ತೀರ್ಪು ಹುಟ್ಟಿದ್ದು ಇಳಕಲ್–ಕುಷ್ಟಗಿ ಹೆದ್ದಾರಿಯ ಅಪಘಾತದಿಂದ. ಒಬ್ಬರು ಪರಿಚಿತರ ಬೈಕು ಕೇಳಿ ಪಡೆದು ಇಳಕಲ್ಲಿನಿಂದ ತಮ್ಮೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು, ಬೈಕು ಹೋಗಿ ಅದಕ್ಕೆ ಬಡಿಯಿತು, ಸವಾರ ತೀರಿಕೊಂಡರು. ಬೈಕಿಗೆ ವಿಮೆ ಇತ್ತು. ನ್ಯಾಯಮಂಡಳಿ ಪರಿಹಾರ ಕೊಟ್ಟಿತು, ಹೈಕೋರ್ಟ್ ರದ್ದು ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಬೈಕು ಕೇಳಿ ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಪರಿಹಾರ ಕೊಡಬೇಕಾದವನೂ ಪಡೆಯಬೇಕಾದವನೂ ಒಬ್ಬನೇ ಆಗಲು ಬರುವುದಿಲ್ಲ, ಆದ್ದರಿಂದ ಕುಟುಂಬ ಕೇಳಿದ ಕಲಮಿನಡಿ ಪರಿಹಾರವಿಲ್ಲ. ಬೇರೆ ಕಲಮಿನಡಿ ಏನಾದರೂ ಸಿಗುವುದೇ ಎಂದು ನೋಡಲು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು. ಅರಸೀಕೆರೆಗೆ ಹೊರಟ ಕಾರೊಂದು 2014ರಲ್ಲಿ ಅತಿವೇಗದಿಂದ ಮಗುಚಿ ಚಾಲಕ ಸತ್ತ ಪ್ರಕರಣದಲ್ಲೂ, ತನ್ನ ತಪ್ಪಿನಿಂದಲೇ ಸತ್ತವನ ಕುಟುಂಬ ವಿಮಾ ಕಂಪನಿಯಿಂದ ಪರಿಹಾರ ಕೇಳಲಾಗದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಎತ್ತಿಹಿಡಿಯಿತು. ಥರ್ಡ್ ಪಾರ್ಟಿ ಎಂದರೆ ಮೂರನೆಯವನು. ಅಪಾಯದ ಚಾಲಕ ತನ್ನ ಪಾಲಿಸಿಯಲ್ಲಿ ಎಂದೂ ಮೂರನೆಯವನಾಗಲಾರ.

ಬೈಕಿನ ಹಿಂದಿನ ಸೀಟಿನ ವಿಷಯವೂ ಹೀಗೆಯೇ ಮರೆಯಲ್ಲಿದೆ. 714 ರೂಪಾಯಿಯ ಬರೀ ಥರ್ಡ್ ಪಾರ್ಟಿ ಪಾಲಿಸಿ, ಹಿಂದೆ ಕೂತ ಹೆಂಡತಿಯನ್ನೋ ಮಗನನ್ನೋ ರಕ್ಷಿಸುವುದಿಲ್ಲ ಎಂಬುದು 2006ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಪಷ್ಟವಾಗಿದೆ. ಜನ ‘ಫುಲ್ ಇನ್ಶೂರನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿಯಿದ್ದರೆ ಹಿಂಬದಿ ಸವಾರನೂ, ಕಾರಿನಲ್ಲಿ ಕೂತವರೂ ರಕ್ಷಣೆಯೊಳಗೆ ಬರುತ್ತಾರೆ. ಬಸ್ಸಿಲ್ಲದ ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಇಡೀ ಸಂಸಾರವೇ ಬೈಕಿನ ಮೇಲೆ ಹೊರಡುವ ಸೀಮೆಯಲ್ಲಿ ಅಗ್ಗದ ಪಾಲಿಸಿ ಬಿಟ್ಟಿರುವುದು ಮನೆಯವರನ್ನೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಇಲ್ಲಿ ರೂಪಾಯಿಯಲ್ಲೇ ಅಳೆಯಬಹುದು.

ನಿಜವಾಗಿ ಅಗ್ಗವಾಗುವುದು ಎಲ್ಲಿ

ಹಾಗಾದರೆ ಅಪಾಯದ ಪಟ್ಟಿಯಲ್ಲಿರುವವನು ಹಣ ಉಳಿಸುವ ದಾರಿ ಯಾವುದು? ಥರ್ಡ್ ಪಾರ್ಟಿ ಕಂತಿನಲ್ಲಿ ಚೌಕಾಶಿಗೆ ಜಾಗವಿಲ್ಲ. ಅದನ್ನು ಕಡಿಮೆಗೆ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟನ ಕಾಗದವನ್ನು ಅನುಮಾನದಿಂದಲೇ ನೋಡಬೇಕು. ಉಳಿತಾಯವೆಲ್ಲ ಸ್ವಂತ ಹಾನಿಯ ಭಾಗದಲ್ಲಿದೆ, ಅದರ ಕೀಲಿ ನೋ ಕ್ಲೇಮ್ ಬೋನಸ್. ಕ್ಲೇಮಿಲ್ಲದ ವರ್ಷಗಳಿಗೆ ಕ್ರಮವಾಗಿ ಶೇ 20, 25, 35, 45, ಕೊನೆಗೆ 50ರ ರಿಯಾಯಿತಿ. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಶೇ 50 ತಲುಪಿದವರ ಮೂಲ ಕಂತು 6,000 ರೂಪಾಯಿ ಎಂದಿಟ್ಟುಕೊಳ್ಳಿ. ಬಂಪರ್ ರಿಪೇರಿಗೆಂದು 4,000ದ ಕ್ಲೇಮ್ ಮಾಡಿದರೆ, ಸಣ್ಣ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸುವ 1,000 ಕಳೆದು ಕೈಗೆ ಬರುವುದು 3,000. ಕಳೆದುಕೊಳ್ಳುವುದು ಮುಂದಿನ ಐದು ವರ್ಷಗಳಲ್ಲಿ ಶೇ 50, 30, 25, 15, 5, ಒಟ್ಟು ಶೇ 125. ಮೂಲ ಕಂತು ಅಷ್ಟೇ ಇದ್ದರೆ 7,500 ರೂಪಾಯಿ. ಸಣ್ಣ ಗೀರಿಗೆ ಕ್ಲೇಮ್ ಮಾಡುವವನು ತನ್ನನ್ನು ತಾನೇ ಅಪಾಯದ ಗ್ರಾಹಕನ ಪಟ್ಟಿಗೆ ಸೇರಿಸಿಕೊಳ್ಳುತ್ತಾನೆ. ಪಾಲಿಸಿ ಮುಗಿದು 90 ದಿನ ಕಳೆದರೂ ಇಡೀ ಬೋನಸ್ ಹೋಗುತ್ತದೆ. ಈ ಬೋನಸ್ ಗಾಡಿಯದಲ್ಲ, ಮಾಲೀಕನದು. ಹಳೆಯ ಕಾರು ಮಾರಿ ಹೊಸದು ಕೊಂಡಾಗ ಅದನ್ನು ಜೊತೆಗೆ ಒಯ್ಯಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಸ್ವಂತ ಹಾನಿಗೆ ಬಿಡಿಗಾಸೂ ಸಿಗುವುದು ಕಷ್ಟ.

ಎಲ್ಲರಿಗೂ ಫುಲ್ ಇನ್ಶೂರನ್ಸ್ ಬೇಕೆಂದೂ ನಾನು ಹೇಳುತ್ತಿಲ್ಲ. ಹದಿನೈದು ವರ್ಷದ, ಮಾರಿದರೆ ಲಕ್ಷವೂ ಬಾರದ ಕಾರಿಗೆ ಥರ್ಡ್ ಪಾರ್ಟಿ ಪಾಲಿಸಿ ಮಾಡಿಸಿ, ಮಾಲೀಕ-ಚಾಲಕನಿಗೆ ಕಡ್ಡಾಯವಾದ 15 ಲಕ್ಷದ ಅಪಘಾತ ವಿಮೆ ಸೇರಿಸಿ, ಕೂರುವವರಿಗೆ ಸಣ್ಣ ಹೆಚ್ಚುವರಿ ಕಂತಿನ ಅಪಘಾತ ರಕ್ಷಣೆ ಕೊಂಡರೆ ವಿವೇಕದ ಲೆಕ್ಕವಾದೀತು. ಕಾರನ್ನು ಮದುವೆ, ಆಸ್ಪತ್ರೆ, ಹಬ್ಬಕ್ಕಷ್ಟೇ ತೆಗೆಯುವವರಿಗೆ, ಓಡಿಸಿದಷ್ಟು ದೂರಕ್ಕೆ ಕಂತು ಕಟ್ಟುವ ಪಾಲಿಸಿಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿದೆ. ಟ್ರೇಲರಿನಲ್ಲಿ ಹೋಗುವ ಕೂಲಿಯವರಿಗೆ ಗಾಡಿಯ ವಿಮೆ ದಕ್ಕದಿದ್ದರೂ ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ: 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ. ಟ್ರೇಲರ್ ಹತ್ತಿಸುವ ಮಾಲೀಕ ತನ್ನ ಕೂಲಿಯವರಿಗೆಲ್ಲ ಇದನ್ನು ಮಾಡಿಸಿದರೆ ವೆಚ್ಚ ಒಂದು ದಿನದ ಡೀಸೆಲ್ಲಿಗೂ ಕಡಿಮೆ. ಜನರನ್ನು ಟ್ರೇಲರಿನಲ್ಲಿ ಹೊರುವುದು ಇದರಿಂದ ಸಕ್ರಮವಾಗುವುದಿಲ್ಲ, ಮಾಲೀಕನ ಹೊಣೆಯೂ ತಪ್ಪುವುದಿಲ್ಲ. ಸತ್ತವನ ಮನೆ ಬರಿಗೈಯಲ್ಲಿ ಉಳಿಯುವುದಿಲ್ಲ, ಅಷ್ಟೇ.

ಎದುರು ವಾದಗಳು

ಚಾಲಕನ ನಡತೆಗೆ ತಕ್ಕ ಕಂತು ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಮೊದಲ ವಾದ. ವಿಮಾ ಪ್ರಾಧಿಕಾರದ ಕಾರ್ಯತಂಡವೊಂದು 2021ರ ಜನವರಿಯಲ್ಲಿ ಇಂಥದೇ ಸಲಹೆ ಕೊಟ್ಟಿತ್ತು. ಸಂಚಾರ ನಿಯಮ ಮುರಿದದ್ದಕ್ಕೆ ಅಂಕ, ಕುಡಿದು ಓಡಿಸಿದರೆ 100, ತಪ್ಪು ಪಾರ್ಕಿಂಗಿಗೆ 10, ಒಟ್ಟು ಅಂಕಕ್ಕೆ ತಕ್ಕ ಹೆಚ್ಚುವರಿ ಕಂತು. ಪ್ರಯೋಗ ದೆಹಲಿಯಲ್ಲಿ ಎಂಬ ಯೋಚನೆ. ಈ ವಾದದಲ್ಲಿ ನ್ಯಾಯವಿದೆ. ಎಚ್ಚರದವನು ಎಚ್ಚರಗೇಡಿಯ ಖರ್ಚು ಹೊರುವುದು ತಪ್ಪು. ಆದರೆ ಇಲ್ಲಿನ ರಸ್ತೆಯ ಮೇಲೆ ನಿಂತು ನೋಡಿದರೆ ಮೂರು ತೊಡಕುಗಳು ಕಾಣುತ್ತವೆ. ಗಿಣಿಗೇರಿಯ ಕಾರ್ಖಾನೆಗಳಿಗೆ ಅದಿರು ಹೊರುವ ಲಾರಿಯ ಮಾಲೀಕ ಒಬ್ಬ, ಓಡಿಸುವವನು ಇನ್ನೊಬ್ಬ. ತಪ್ಪಿನ ಅಂಕ ಗಾಡಿಯ ಕಂತಿಗೆ ಸೇರಿದರೆ ಚಾಲಕ ಗಾಡಿ ಬದಲಿಸಿ ಪಾರಾಗುತ್ತಾನೆ. ಎರಡನೆಯದು, ಕ್ಯಾಮೆರಾ ಇರುವ ನಗರದಲ್ಲಿ ಅಂಕ ಬೀಳುತ್ತದೆ, ಕ್ಯಾಮೆರಾ ಇಲ್ಲದ ಯಲಬುರ್ಗಾದ ಕೂಡುರಸ್ತೆಯಲ್ಲಿ ಬೀಳುವುದಿಲ್ಲ. ಆಗ ದಾಖಲಾಗುವುದು ಅಪಾಯವಲ್ಲ, ಕ್ಯಾಮೆರಾದ ಜಾಗ. ಮೂರನೆಯದೇ ಮುಖ್ಯ. ಕಡ್ಡಾಯ ವಿಮೆ ಇರುವುದು ಚಾಲಕನಿಗಾಗಿ ಅಲ್ಲ, ಅವನಿಂದ ಪೆಟ್ಟು ತಿನ್ನುವವನಿಗಾಗಿ. 2,094 ಇರುವಾಗಲೇ ಕಟ್ಟದವನು 6,000 ಆದರೆ ಕಟ್ಟುವನೇ? ಅತಿ ಅಪಾಯದ ಚಾಲಕನೇ ವಿಮೆಯಿಲ್ಲದೆ ರಸ್ತೆಗಿಳಿದರೆ ಶಿಕ್ಷೆಯಾಗುವುದು ಅವನೆದುರು ಬಂದ ಸೈಕಲ್ಲಿನವನಿಗೆ. ಚಾಲಕನಿಗೆ ತಕ್ಕ ದರ ಸ್ವಂತ ಹಾನಿಯ ಭಾಗದಲ್ಲಿ ಬರಲಿ. ಕಡ್ಡಾಯ ವಿಮೆ ಎಲ್ಲರಿಗೂ ಒಂದೇ ದರಕ್ಕೆ ಸಿಗಲಿ. ಕುಡಿದು ಓಡಿಸಿದವನ ಲೆಕ್ಕವನ್ನು ಲೈಸೆನ್ಸ್ ಅಮಾನತಿನಲ್ಲಿ ತೀರಿಸೋಣ.

ಕಂಪನಿಗಳು ಹೇಗೂ ಹಣ ಕೊಡುವುದಿಲ್ಲ, ಕಟ್ಟಿ ಏನು ಪ್ರಯೋಜನ ಎಂಬುದು ಎರಡನೆಯ ಮಾತು. ಈ ಸಿಟ್ಟು ಹೆಚ್ಚಾಗಿ ಸ್ವಂತ ಹಾನಿಯ ಕ್ಲೇಮುಗಳಿಂದ ಹುಟ್ಟಿದ್ದು, ಅಲ್ಲಿ ಅದಕ್ಕೆ ಆಧಾರವೂ ಇದೆ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗವಿದೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಥರ್ಡ್ ಪಾರ್ಟಿಯಲ್ಲಿ ಹಣ ಕೊಡುವುದು ಕಂಪನಿಯ ಮರ್ಜಿಯಲ್ಲ, ನ್ಯಾಯಮಂಡಳಿಯ ಆದೇಶ. ಒಪ್ಪದಿದ್ದರೆ ಕಂಪನಿಯೂ ಧಾರವಾಡದ ಹೈಕೋರ್ಟ್ ಪೀಠಕ್ಕೇ ಹೋಗಬೇಕು. ಕಾನೂನು ಯಾವಾಗಲೂ ಮಾಲೀಕನ ವಿರುದ್ಧ ಎಂದೂ ಭಾವಿಸಬೇಕಿಲ್ಲ. ಚಾಲಕನ ಲೈಸೆನ್ಸ್ ಪರೀಕ್ಷಿಸಿ, ಎಚ್ಚರವಹಿಸಿ ಕೆಲಸಕ್ಕಿಟ್ಟುಕೊಂಡ ಮಾಲೀಕನನ್ನು ಸುಮ್ಮನೆ ಹೊಣೆ ಮಾಡುವಂತಿಲ್ಲ, ಅವನ ನಿರ್ಲಕ್ಷ್ಯವನ್ನು ಕಂಪನಿಯೇ ಸಾಬೀತು ಮಾಡಬೇಕು ಎಂಬುದೂ 2004ರ ಅದೇ ತೀರ್ಪಿನಲ್ಲಿದೆ. ಎಲ್‌ಎಂವಿ ಲೈಸೆನ್ಸ್ ಇದ್ದವನು 7,500 ಕಿಲೋ ಒಳಗಿನ ಸರಕು ವಾಹನವನ್ನೂ ಓಡಿಸಬಹುದು ಎಂದು ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದ ಮೇಲೆ, ಟಾಟಾ ಏಸ್ ಮಾಲೀಕರ ಮೇಲೆ ವಸೂಲಿ ಆದೇಶ ತರುತ್ತಿದ್ದ ಹಳೆಯ ನೆಪವೊಂದು ಇಲ್ಲವಾಯಿತು. ಚಾಲಕನ ಲೈಸೆನ್ಸಿನ ನಕಲನ್ನು ಪಾಲಿಸಿಯ ಜೊತೆ ಇಟ್ಟುಕೊಳ್ಳುವುದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಮೂರನೆಯ ಮಾತು ಹತಾಶೆಯದು: ನನ್ನ ಹತ್ತಿರ ಏನಿದೆ, ಯಾರು ಏನು ವಸೂಲು ಮಾಡಿಯಾರು? ಏನೂ ಇಲ್ಲದವನ ಬಾಯಲ್ಲಿ ಈ ಮಾತು ಖರೆ. ಆಗ ನಷ್ಟ ಪೂರ್ತಿ ಸತ್ತವನ ಮನೆಯದು. ಆದರೆ ಟ್ರ್ಯಾಕ್ಟರ್, ಕ್ರೂಸರ್, ಟಾಟಾ ಏಸ್ ಇಟ್ಟುಕೊಂಡವನ ಹತ್ತಿರ ಕನಿಷ್ಠ ಆ ಗಾಡಿಯಾದರೂ ಇದೆ. ಅದರ ಮೇಲೆ ಸಾಲವೂ ಇದೆ, ಊರಲ್ಲಿ ಒಂದೆರಡು ಎಕರೆಯೂ ಇರಬಹುದು. ಸಾಲದ ಕಂತಿನ ನಡುವೆ ಗಾಡಿ ಠಾಣೆಯಲ್ಲಿ ನಿಂತರೆ ದುಡಿಮೆಯೂ ನಿಲ್ಲುತ್ತದೆ. ಮೇಲಾಗಿ ಟ್ರೇಲರಿನಿಂದ ಬಿದ್ದವರು ಪರಸ್ಥಳದವರಲ್ಲ. ಅದೇ ಓಣಿಯವರು, ಮರುದಿನದಿಂದ ಮುಖ ನೋಡಬೇಕಾದವರು.

ಇದೆಲ್ಲವನ್ನೂ ಮಾಲೀಕನ ವಿವೇಕಕ್ಕೇ ಬಿಟ್ಟು ಸರ್ಕಾರ ಕೈತೊಳೆದುಕೊಳ್ಳಲಾಗದು. 7,500 ಕಿಲೋ ಎಂಬ ಒಂದೇ ಗುಂಪನ್ನು ಒಡೆದು ಎರಡು-ಮೂರು ಟನ್ನಿನ ಗಾಡಿಗಳಿಗೆ ಕಡಿಮೆ ದರ ಇಡುವುದು ಒಂದು ಅಧಿಸೂಚನೆಯ ಕೆಲಸ. ಹದಿನಾರು ಸಾವಿರವನ್ನು ಒಂದೇ ಗಂಟಿಗೆ ಕೇಳುವ ಬದಲು, ಗಂಗಾವತಿಯಲ್ಲಿ ಎರಡು ಭತ್ತದ ಸುಗ್ಗಿಗೆ, ಕುಷ್ಟಗಿ-ಯಲಬುರ್ಗಾದಲ್ಲಿ ಕಡಲೆ, ಜೋಳ ಕೈಗೆ ಬರುವ ಹೊತ್ತಿಗೆ ಕಟ್ಟಿಸಿಕೊಳ್ಳುವ ವ್ಯವಸ್ಥೆ ಬರಬೇಕು. ಬೆಳೆ ಸಾಲ ಕೊಡುವ ಸಹಕಾರ ಸಂಘದ ಕಿಟಕಿಯಲ್ಲೇ ಬೈಕು, ಟ್ರ್ಯಾಕ್ಟರಿನ ವಿಮೆಯೂ ಸಿಗಬೇಕು. ಕೂಲಿಯವರು ಟ್ರೇಲರಿನಲ್ಲಿ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸತ್ಯ. ಅದನ್ನು ಕಾಣದಂತೆ ನಟಿಸುವ ಪಾಲಿಸಿಗಿಂತ, ಸುಗ್ಗಿಯ ದಿನಗಳಿಗೆ ಸುರಕ್ಷಿತ ವಾಹನ ಒದಗಿಸುವ ಏರ್ಪಾಡು ಮೇಲು. ಇದಾವುದೂ ಬರುವವರೆಗೆ ವಿಮೆಯ ಅರ್ಜಿ ಎಂಜಿನ್ನಿನ ಸಿಸಿಯನ್ನೂ ಗಾಡಿಯ ತೂಕವನ್ನೂ ಕೇಳಿ ಸುಮ್ಮನಾಗುತ್ತದೆ. ಅದು ಕೇಳದೆ ಬಿಟ್ಟ ಎರಡು ಪ್ರಶ್ನೆಗಳನ್ನು, ಇದನ್ನು ಓಡಿಸುವವರು ಯಾರು, ಇದರ ಮೇಲೆ ಹತ್ತುವವರು ಯಾರು ಎಂಬುದನ್ನು, ಮಾಲೀಕ ಕೀಲಿ ಕೈಗೆ ಕೊಡುವ ಮೊದಲು ತಾನೇ ಕೇಳಿಕೊಳ್ಳಬೇಕು. ಮನೆಯಲ್ಲಿ ಕೇಳಿಕೊಂಡರೆ ಅದಕ್ಕೆ ಖರ್ಚಿಲ್ಲ. ನ್ಯಾಯಮಂಡಳಿಯ ಪಾಟೀಸವಾಲಿನಲ್ಲಿ ವಕೀಲರು ಕೇಳುವುದೂ ಅವೇ ಎರಡು ಪ್ರಶ್ನೆಗಳನ್ನು.